ಸಪ್ತಾಪುರದ ಹಾಸ್ಟೆಲ್ ವೈಫೈ

ಮಕ್ಕಳು ಬಳಸುವ ಇಂಟರ್‌ನೆಟ್‌ಗೆ ಫಿಲ್ಟರ್ ಬೇಕು ಎನ್ನುವವನೇ ನಾನು. ಆದರೆ ಧಾರವಾಡದಲ್ಲಿ ಅದನ್ನು ಹಾಕಿರುವ ರೀತಿ ಕಂಡು ಸಂಕಟವಾಯಿತು.

ಅಕ್ಕನ ಮಗ ಸಪ್ತಾಪುರದ ಹಾಸ್ಟೆಲ್‌ ಒಂದರಲ್ಲಿದ್ದು ದ್ವಿತೀಯ ಪಿಯುಸಿ ಓದುತ್ತಿದ್ದಾನೆ. ಜೀವಶಾಸ್ತ್ರದ ‘ಮಾನವ ಸಂತಾನೋತ್ಪತ್ತಿ’ ಪಾಠಕ್ಕೆ ಚಿತ್ರ ಹುಡುಕಿದರೆ ಅಲ್ಲಿನ ವೈಫೈ ಬಿಡುವುದಿಲ್ಲ. ಪಠ್ಯಪುಸ್ತಕದಲ್ಲೇ ಇರುವ ಪಾಠ! ‘ಲೈಂಗಿಕ ಶಿಕ್ಷಣ’ ಎಂಬ ಇಡೀ ವರ್ಗಕ್ಕೇ ಬೀಗ ಹಾಕಿದ್ದಾರೆ. ಯೂಟ್ಯೂಬ್ ಪೂರ್ತಿ ಬಂದ್ ಆದ್ದರಿಂದ ಭೌತಶಾಸ್ತ್ರದ ಉಪನ್ಯಾಸಗಳೂ ಇಲ್ಲ. ಹುಡುಗ ಈ ತಡೆಯನ್ನು ದಾಟಿಸುವ ಪುಕ್ಕಟೆ ವಿಪಿಎನ್ ಆ್ಯಪ್ ಹಾಕಿಕೊಂಡಿದ್ದಾನೆ. ಕೋಣೆಯಲ್ಲಿ ಎಲ್ಲರ ಮೊಬೈಲಿನಲ್ಲೂ ಅದೇ.

“ವಾರ್ಡನ್‌ಗೆ ಹೇಳಬೇಕಿತ್ತಲ್ಲ?” ಎಂದೆ.

“ಅಂಥ ಪುಟ ನಿನಗೇಕೆ ಬೇಕಿತ್ತು ಎಂದು ಅಪ್ಪನಿಗೇ ಫೋನ್ ಮಾಡುತ್ತಾರೆ, ಮಾಮಾ.”

ನಾನಿರುವ ಮೆಲ್ಬರ್ನ್‌ನ ಮಕ್ಕಳೇನೂ ಸಾಧುಗಳಲ್ಲ. 2007ರಲ್ಲಿ ಆಸ್ಟ್ರೇಲಿಯಾ ಸರ್ಕಾರ 8.4 ಕೋಟಿ ಡಾಲರ್ ಯೋಜನೆಯಡಿ ಮನೆಗಳಿಗೆ ಉಚಿತ ಫಿಲ್ಟರ್ ಕೊಟ್ಟಾಗ, ಇದೇ ಊರಿನ 16 ವರ್ಷದ ಹುಡುಗನೊಬ್ಬ ಸುಮಾರು ಅರ್ಧ ಗಂಟೆಯಲ್ಲಿ ಅದನ್ನು ದಾಟಿ ತೋರಿಸಿದ್ದ. ದೊಡ್ಡವರು ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುವ ವಯಸ್ಸು ಅದು. ಇಲ್ಲಿ ನಿಯಮಗಳೂ ಬಿಗಿಯೇ. ಸರ್ಕಾರಿ ಶಾಲೆಗಳಲ್ಲಿ 2020ರಿಂದ ಶಾಲಾ ಅವಧಿಯಲ್ಲಿ ಮೊಬೈಲ್ ಬಳಸುವಂತಿಲ್ಲ. ಸಾಮಾಜಿಕ ಜಾಲತಾಣಗಳ ಖಾತೆಗೆ 16 ವರ್ಷವಾಗಿರಬೇಕೆಂಬ ಕಾನೂನು 2025ರ ಡಿಸೆಂಬರ್ 10ರಿಂದ ಜಾರಿಯಲ್ಲಿದೆ.

ಆದರೆ ನನ್ನ ಮಗಳ ಶಾಲೆಯಲ್ಲಿ ಒಂದು ಪುಟವನ್ನು ತಡೆದರೆ, ಯಾವ ಕಾರಣಕ್ಕೆಂದು ಪರದೆಯ ಮೇಲೆ ಬರೆದಿರುತ್ತದೆ. ಕೆಳಗೆ ಮರುಪರಿಶೀಲನೆ ಕೋರುವ ಗುಂಡಿ ಇರುತ್ತದೆ. ಮಹಾಯುದ್ಧದ ಬಗ್ಗೆ ಪ್ರಬಂಧ ಬರೆಯುವಾಗ ‘ಹಿಂಸೆ’ ಎಂದು ತಡೆದಿದ್ದ ಪುಟವನ್ನು, ಅವಳು ಕೇಳಿಕೊಂಡ ಮರುದಿನವೇ ತೆರೆದುಕೊಟ್ಟರು. ಯಾರೂ ಅವಳನ್ನು ಅನುಮಾನದಿಂದ ನೋಡಲಿಲ್ಲ.

ಹಾಸ್ಟೆಲ್ ನಡೆಸುವವರು ಯೋಚಿಸಬೇಕಾದ ಇನ್ನೊಂದು ಸಂಗತಿಯಿದೆ. ವಿಪಿಎನ್ ಮೊಬೈಲಿನ ಸಂಪರ್ಕವನ್ನೆಲ್ಲ ಗೂಢಲಿಪಿಯಲ್ಲಿ ತನ್ನ ಸರ್ವರ್ ಮೂಲಕ ಹಾಯಿಸುತ್ತದೆ. ಫಿಲ್ಟರ್‌ಗೆ ಆಗ ಏನೂ ಕಾಣದು. ಪಾಠಕ್ಕೆಂದು ಹಿಡಿದ ದಾರಿಯಲ್ಲೇ ಅಶ್ಲೀಲ ತಾಣಗಳೂ ಜೂಜಾಟಗಳೂ ಸಲೀಸಾಗಿ ಬರುತ್ತವೆ. ನಿಜಕ್ಕೂ ತಡೆಯಬೇಕಿದ್ದುದು ಇವನ್ನೇ. ಜೊತೆಗೆ, ಹುಡುಗ ಯಾವ ಯಾವ ತಾಣಕ್ಕೆ ಹೋದನೆಂಬುದು ಆ ಪುಕ್ಕಟೆ ಆ್ಯಪ್ ನಡೆಸುವ ಅಪರಿಚಿತನಿಗೆ ತಿಳಿಯುತ್ತದೆ. ಅತಿಯಾಗಿ ತಡೆಯಲು ಹೋಗಿ ಮಕ್ಕಳನ್ನು ನಾವೇ ಅವನ ಕೈಗೆ ಒಪ್ಪಿಸಿದ್ದೇವೆ.

ವಿದ್ಯಾಕಾಶಿ ಎನಿಸಿಕೊಂಡ ಊರಿಗೆ ಇದನ್ನು ಸರಿಪಡಿಸಲು ಹೆಚ್ಚು ಹಣವೇನೂ ಬೇಡ. ತಡೆದಿರುವ ವರ್ಗಗಳ ಪಟ್ಟಿ ನೋಟಿಸ್ ಬೋರ್ಡಿನಲ್ಲಿರಲಿ. ಯಾವ ಪುಟ ತೆರೆಯಬೇಕೆಂದು ಬರೆದಿಡಲು ಒಂದು ರಿಜಿಸ್ಟರ್ ಇರಲಿ. ಅದನ್ನು ನೋಡುವುದು ವಾರ್ಡನ್ ಅಲ್ಲ, ಆ ವಿಷಯದ ಉಪನ್ಯಾಸಕರು. ಗದಗ, ಹಾವೇರಿಯ ಹಳ್ಳಿಗಳಿಂದ ಮಕ್ಕಳನ್ನು ಕರೆತಂದು ಬಿಡುವ ಪಾಲಕರು ಊಟ, ನೀರು, ಸ್ನಾನದ ವ್ಯವಸ್ಥೆಯನ್ನೆಲ್ಲ ವಿಚಾರಿಸುತ್ತಾರೆ. ಫೀ ಕಟ್ಟುವ ಮುನ್ನ ಇದನ್ನೂ ಕೇಳಲಿ: ಇಲ್ಲಿನ ವೈಫೈಯಲ್ಲಿ ಏನನ್ನು ತಡೆದಿದ್ದೀರಿ, ಪಾಠದ ಪುಟ ತೆರೆಯದಿದ್ದರೆ ನಮ್ಮ ಹುಡುಗ ಯಾರನ್ನು ಕೇಳಬೇಕು?