ನಿಂಬಿಹಣ್ಣು ಹಿಂಡೂದಲ್ಲರೀ

ಹುಬ್ಬಳ್ಳಿ-ಧಾರವಾಡದ ಕಡೆ ದೆವ್ವವನ್ನು ಕಣ್ಣಾರೆ ಕಂಡವರು ಕಡಿಮೆ. ದೆವ್ವ ಬಿಡಿಸುವವರನ್ನು ಕಂಡವರು ಮಾತ್ರ ಮನೆಗಿಬ್ಬರು. ಜಾತ್ರೆಯಲ್ಲಿ ಮೈದುಂಬಿ ಬೇವಿನ ಸೊಪ್ಪು ಬೀಸುವ ಅಜ್ಜಿ, 'ಕೂಸಿಗೆ ಗಾಳಿ ಸೋಕೇತಿ' ಅಂತ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಒಗೆಯುವ ಓಣಿಯ ದೊಡ್ಡವ್ವ, ಅಮಾಸಿ ದಿನ ನಿಂಬೆಹಣ್ಣು ಕೊಯ್ದು ಲಾರಿಯ ಗಾಲಿಗೆ ಇಡುವ ಡ್ರೈವರ್, ಇವರೆಲ್ಲರ ಕೆಲಸದ ಕ್ರಮ ಇಲ್ಲಿನ ಮಂದಿಗೆ ಬಾಯಿಪಾಠ. ಆದ್ದರಿಂದ ಕಡಿಮೆ ಖರ್ಚಿನ ದೆವ್ವದ ಸಿನಿಮಾ ಟಾಕೀಸಿಗೆ ಬಂದಾಗ ಅವರು ಹೆದರಲು ಹೋಗುವುದಿಲ್ಲ, ಪೇಪರ್ ತಿದ್ದಲು ಹೋಗುತ್ತಾರೆ.

ಇಂಥ ಚಿತ್ರಕ್ಕೆ ಬೇಕಾದ ಸಾಮಾನು ಬಹಳಿಲ್ಲ. ಬಾಡಿಗೆಗೊಂದು ಹಳೆಯ ವಾಡೆ, ಒಳಗೊಂದು ತೂಗುಮಂಚ, ಬಿಳಿ ನೈಟಿ, ಸೊಂಟ ಮುಟ್ಟುವ ಚೌರಿ, ಎರಡು ಕಿಲೋ ಲೋಬಾನ. ಕಥೆಯೂ ಒಂದೇ. ಬೆಂಗಳೂರಿನ ಗಂಡ-ಹೆಂಡತಿ ವಾಡೆಗೆ ಬರುತ್ತಾರೆ, ಆಳುಮಗ ಒಂದು ಕೋಣೆ ಮಾತ್ರ ತೆಗೆಯಬೇಡಿ ಅನ್ನುತ್ತಾನೆ, ಹೆಂಡತಿ ಮೊದಲು ಅದನ್ನೇ ತೆಗೆಯುತ್ತಾಳೆ. ಹಿಂದಿನ ಸಾಲಿನ ಉಚಿತ ಸಲಹಾ ಕೇಂದ್ರ ಅಲ್ಲಿಂದಲೇ ಶುರು. "ತಂಗೀ, ಕೀಲಿ ಹಾಕ್ಯಾರಂದ್ರ ಏನರ ಕಾರಣ ಇರತೈತವಾ, ತಿರುಗಿ ಬಾ." ತಂಗಿ ಬರುವುದಿಲ್ಲ. ಬಾಗಿಲು ಕಿರ್‍ರ್ ಎಂದು ಅರ್ಧ ನಿಮಿಷ ತೆರೆದುಕೊಳ್ಳುತ್ತದೆ. "ಬಿಜಾಗ್ರಿಗೆ ನಾಕ ಹನಿ ಎಣ್ಣಿ ಬಿಟ್ಟಿದ್ರ ಅರ್ಧಾ ಪಿಚ್ಚರ್ ಮುಗೀತಿತ್ತ ನೋಡ್ರಿ."

ಬಾಗಿಲು ತಾನಾಗಿಯೇ ತೆರೆಯುವುದಕ್ಕೂ ಒಂದು ಲೆಕ್ಕವಿದೆ. ಮೀನು ಹಿಡಿಯುವ ನೈಲಾನ್ ದಾರವನ್ನು ಚಿಲಕಕ್ಕೆ ಕಟ್ಟಿ ಗೋಡೆಯ ಮರೆಯಿಂದ ಎಳೆಯುತ್ತಾರೆ. ಚಿಲಕದ ಬದಿಗೆ ಕಟ್ಟಿದರೆ ಬಾಗಿಲು ನಯವಾಗಿ ಬರುತ್ತದೆ. ಮರೆ ಸಿಗಲಿಲ್ಲವೆಂದು ಬಿಜಾಗರಿಯ ಹತ್ತಿರ ಕಟ್ಟಿದರೆ ಎಳೆಯಲು ಹಲವು ಪಟ್ಟು ಬಲ ಬೇಕು, ಬಾಗಿಲು ಎತ್ತಿನ ಗಾಡಿಯ ಹಾಗೆ ಜಗ್ಗಿ ಜಗ್ಗಿ ಬರುತ್ತದೆ. ಇನ್ನು ಬೆಳಕು ದಾರದ ಹಿಂದಿನಿಂದ ಬಿದ್ದರೆ ಮುಗಿಯಿತು, ದಾರ ಜರಿಯ ಎಳೆಯಂತೆ ಹೊಳೆಯುತ್ತದೆ. ಆಗ ಇಡೀ ಬಾಲ್ಕನಿ ಒಕ್ಕೊರಲಿನಿಂದ, "ದಾರಾ! ದಾರಾ!"

ಕೋಣೆ ತೆರೆದ ಮೇಲೆ ನಾಯಕಿ ಪಡಸಾಲೆಯಲ್ಲಿ ನಡೆಯಬೇಕು. ಇಪ್ಪತ್ತೈದು ಅಡಿಯ ಪಡಸಾಲೆ, ನಡಿಗೆ ನಾಲ್ಕು ನಿಮಿಷ. ಒಂದೇ ನಡಿಗೆಯನ್ನು ಮೂರು ಕಡೆಯಿಂದ ಚಿತ್ರೀಕರಿಸಿ ಉದ್ದಕ್ಕೆ ಜೋಡಿಸಿರುತ್ತಾರೆ, ಅದೇ ಕಂಬ ಮೂರು ಸಲ ದಾಟಿ ಹೋಗುತ್ತದೆ. ಜಗತ್ತಿನಲ್ಲೇ ಉದ್ದದ ರೈಲ್ವೆ ಪ್ಲಾಟ್‌ಫಾರ್ಮ್, 1,507 ಮೀಟರಿನದು, 2023ರಿಂದ ನಮ್ಮ ಹುಬ್ಬಳ್ಳಿಯಲ್ಲೇ ಇದೆ. ಅದನ್ನು ಕಟ್ಟಿಕೊಂಡು ಕೂತವರಿಗೆ ಈ ಪಡಸಾಲೆ ತೋರಿಸಿದರೆ ಸುಮ್ಮನಿರುತ್ತಾರೆಯೇ? "ಇಷ್ಟೊತ್ತಿಗೆ ಸ್ಟೇಷನ್ನಿನ ಆ ತುದೀಗಿ ಮುಟ್ಟತಿದ್ಲಲ್ಲಪಾ."

ಕತ್ತಲೆಯ ವಿಷಯ ಬೇಗ ಮುಗಿಸೋಣ. ರಾತ್ರಿ ಚಿತ್ರೀಕರಣಕ್ಕೆ ಜನರೇಟರ್ ಬೇಕು, ದೊಡ್ಡ ದೀಪ ಬೇಕು, ಎರಡು ಹೊತ್ತಿನ ಊಟ ಹೆಚ್ಚಿಗೆ ಬೇಕು. ಹಗಲಲ್ಲೇ ತೆಗೆದು, ಕ್ಯಾಮೆರಾಕ್ಕೆ ಬೀಳುವ ಬೆಳಕು ಎರಡು ಹಂತ ಇಳಿಸಿ, ಆಮೇಲೆ ಕಂಪ್ಯೂಟರಿನಲ್ಲಿ ನೀಲಿ ಬಳಿಯುತ್ತಾರೆ. ಇದು ಹಳೆಯ ಉಪಾಯ, ತಪ್ಪೇನಲ್ಲ. ಆದರೆ ಆಕಾಶ ಚೌಕಟ್ಟಿನೊಳಗೆ ಬರಬಾರದು, ಸೂರ್ಯ ನಟರ ಬೆನ್ನ ಹಿಂದಿರಬೇಕು, ನೆತ್ತಿಯ ಮೇಲೆ ಬಿಸಿಲಿದ್ದಾಗ ತೆಗೆಯಬಾರದು. ಈ ಮೂರೂ ಮರೆತವರ ಸಿನಿಮಾದಲ್ಲಿ ಅಮಾವಾಸ್ಯೆಯ ಮಧ್ಯರಾತ್ರಿ ಕಾಗೆ ಹಾರುತ್ತದೆ, ದೆವ್ವಕ್ಕೆ ಕಾಲಡಿಯೇ ಗಟ್ಟಿ ನೆರಳು ಬೀಳುತ್ತದೆ. "ಬಿಸಲಾಗ ನಿಂದರಬ್ಯಾಡವಾ, ಪಿತ್ತ ಆದೀತು" ಎಂದು ಮುಂದಿನ ಸಾಲಿನ ಕಾಕಾ ಕಾಳಜಿ ಮಾಡುತ್ತಾರೆ.

ಈಗ ರಕ್ತಕ್ಕೆ ಬರೋಣ. ಇಲ್ಲಿ ಹೆಣ್ಣುಮಕ್ಕಳನ್ನು ಯಾಮಾರಿಸುವುದು ಸಾಧ್ಯವೇ ಇಲ್ಲ. ಖರ್ಚಿಲ್ಲದ ಸಿನಿಮಾದ ರಕ್ತ ಅಂದರೆ ಆರತಿಯ ಓಕುಳಿ. ಒಂದು ಚೊಂಬು ನೀರು, ಎರಡು ಚಮಚ ಅರಿಶಿನ, ಚಿಟಿಕೆ ಸುಣ್ಣ. ಸುಣ್ಣ ಕ್ಷಾರ, ಕ್ಷಾರ ಕೂಡಿದರೆ ಅರಿಶಿನ ಕೆಂಪಾಗುತ್ತದೆ. ನೋಡಲು ಚೆಂದವೇ, ಆದರೆ ನೀರಿನಂತೆ ತೆಳು, ಕಿತ್ತಳೆಯ ಛಾಯೆ ಬೇರೆ. ನೈಟಿಯ ಮೇಲೆ ಬಿದ್ದ ಕ್ಷಣವೇ ಹೆಂಗಸರ ಸಾಲಿನಿಂದ ತೀರ್ಪು: "ಅಯ್ಯ, ಓಕಳಿ!" ಇದಕ್ಕಿಂತ ದೊಡ್ಡ ಅನಾಹುತ ಕ್ಲೈಮ್ಯಾಕ್ಸಿನಲ್ಲಿ. ಮಂತ್ರವಾದಿ ರಕ್ತದ ಬಟ್ಟಲಿಗೆ ನಿಂಬೆಹಣ್ಣು ಹಿಂಡುತ್ತಾನೆ. ಹುಳಿ ಬಿದ್ದರೆ ಅರಿಶಿನ ತನ್ನ ಹಳೆಯ ಬಣ್ಣಕ್ಕೆ ತಿರುಗುತ್ತದೆ, ಪ್ರೌಢಶಾಲೆಯ ವಿಜ್ಞಾನದ ಪ್ರಯೋಗವಿದು. ನೂರು ವರ್ಷದ ಹಗೆಯ ರಕ್ತ ಎಲ್ಲರ ಕಣ್ಣೆದುರಿಗೇ ಹಳದಿಯಾಗಿ, ಚಿತ್ರಾನ್ನದ ಒಗ್ಗರಣೆಯಂತೆ ಕಾಣುತ್ತದೆ.

ಅದರಲ್ಲೂ ಹಿಂಡುವುದನ್ನು ಹಿರಿಯರು ಕ್ಷಮಿಸುವುದಿಲ್ಲ. "ನಿಂಬಿಹಣ್ಣು ಹಿಂಡೂದಲ್ಲರೀ, ಇದೇನ ಶರಬತ್ತೇನ? ಎರಡ ಹೋಳು ಮಾಡಿ, ಕುಂಕುಮ ಹಚ್ಚಿ, ಆಕಡಿಗೊಂದು ಈಕಡಿಗೊಂದು ಒಗೀಬೇಕು." ಬೀಜದ ಸಮೇತ ಹಿಂಡಿದ್ದಕ್ಕೆ ಇನ್ನೊಬ್ಬರ ತಕರಾರು ಬೇರೆ.

ರಕ್ತ ಬೇಕೇ ಬೇಕೆಂದರೆ ಒಂದೆಳೆಯ ಸಕ್ಕರೆ ಪಾಕ ತೆಗೆದುಕೊಳ್ಳಬೇಕು. ಅದಕ್ಕೆ ಮಿಠಾಯಿಗೆ ಹಾಕುವ ಕೆಂಪು ಬಣ್ಣ, ಕಾಲು ಚಮಚ ಕೋಕೋ ಪುಡಿ, ಒಂದೇ ಹನಿ ನೀಲಿ. ಬರೀ ಕೆಂಪು ಹಾಕಿದರೆ ಟ್ಯೂಬ್‌ಲೈಟಿನಲ್ಲಿ ಗುಲಾಬಿ ಶರಬತ್ತಾಗುತ್ತದೆ, ಕೋಕೋ ಮತ್ತು ನೀಲಿ ಸೇರಿದರೆ ಕಪ್ಪೇರಿ ನಂಬುವ ಹಾಗಾಗುತ್ತದೆ. ತೊಂದರೆ ಇರುವೆಗಳದ್ದು. ಮೂರನೆಯ ಟೇಕಿನ ಹೊತ್ತಿಗೆ ನೈಟಿಗೆ ಸಾಲು ಹತ್ತಿರುತ್ತದೆ, ನಾಯಕಿ ಆಮೇಲೆ ಒದ್ದಾಡುವುದರಲ್ಲಿ ಅಭಿನಯ ಬಹಳಿರುವುದಿಲ್ಲ. ಇಡೀ ಚಿತ್ರದಲ್ಲಿ ಚಪ್ಪಾಳೆ ಬೀಳುವ ಅಭಿನಯವೂ ಅದೇ.

ಮೆಣಸಿನಕಾಯಿ ಸುಡುವ ದೃಶ್ಯಕ್ಕೆ ಹಾವೇರಿ ಕಡೆಯವರು ಯಾರಾದರೂ ಟಾಕೀಸಿನಲ್ಲಿದ್ದರೆ ನಿರ್ದೇಶಕನ ಗ್ರಹಚಾರ ಕೆಟ್ಟಿತೆಂದೇ ಅರ್ಥ. ಕೆಂಡದ ಮೇಲೆ ಬೊಗಸೆ ತುಂಬ ಮೆಣಸಿನಕಾಯಿ ಬೀಳುತ್ತದೆ, ಕೋಣೆ ಹೊಗೆಯಿಂದ ತುಂಬುತ್ತದೆ, ಸುತ್ತ ಎಂಟು ಮಂದಿ ಕೂತಿದ್ದಾರೆ, ಒಬ್ಬರೂ ಕೆಮ್ಮುವುದಿಲ್ಲ. ಹೊಗೆ ಲೋಬಾನದ್ದು, ಮೆಣಸಿನಕಾಯಿ ಕೆಂಡದ ಪಕ್ಕಕ್ಕೆ ಬಿದ್ದಿದೆ. "ಬ್ಯಾಡಗಿ ಇರಬೇಕಲೇ, ಅದಕ್ಕ ಖಾರ ಕಮ್ಮಿ" ಎಂದು ಯಾರೋ ಸಮಾಧಾನ ಹೇಳಿದರೆ ಹಾವೇರಿಯವರು ಎದ್ದೇ ನಿಲ್ಲುತ್ತಾರೆ. ಬ್ಯಾಡಗಿಯ ಹೆಸರು ಬಣ್ಣಕ್ಕೆ, ಖಾರ ಕಡಿಮೆ ಎಂಬುದು ಸರಿ. ಅದರ ಎರಡು ಬಗೆಯಲ್ಲಿ ಡಬ್ಬಿಯಾದರೂ ಅಷ್ಟೇ, ಕಡ್ಡಿಯಾದರೂ ಅಷ್ಟೇ. ಆದರೆ ಸುಟ್ಟರೆ ಯಾವ ಮೆಣಸಿನಕಾಯಿಯೂ ಯಾರನ್ನೂ ಬಿಡುವುದಿಲ್ಲ. "ಕೆಮ್ಮು ಬರಲಿಲ್ಲಂದ್ರ ದೃಷ್ಟಿ ಭಾಳ ಆಗೇತಿ ಅಂತ ಅರ್ಥ" ಎಂದು ಹಿಂದಿನ ಸಾಲಿನ ಅಜ್ಜಿ ನಿರ್ದೇಶಕನ ಪರ ನಿಲ್ಲುವವರೆಗೆ ಈ ವಾದ ನಡೆಯುತ್ತದೆ. ಮನೆಯ ದೃಷ್ಟಿಶಾಸ್ತ್ರದಲ್ಲಿ ಅಜ್ಜಿಯದೇ ಕೊನೆಯ ಮಾತು.

ಕೊನೆಯ ಮಾತು ಎಂದೆನಲ್ಲ, ಧಾರವಾಡದಲ್ಲಿ ಹೈಕೋರ್ಟ್ ಪೀಠವಿರುವುದರಿಂದ ಅದು ವಕೀಲರದ್ದು. ಮಂತ್ರವಾದಿ ನಾಯಕಿಯ ಕೂದಲು ಹಿಡಿದು ಬೆತ್ತ ಎತ್ತಿದ ತಕ್ಷಣ ಕತ್ತಲಲ್ಲಿ ಒಂದು ಗಂಭೀರ ಧ್ವನಿ ಕೇಳುತ್ತದೆ: "2017ರ ಕಾಯ್ದೆ ಪ್ರಕಾರ ಇದು ಅಪರಾಧ." ನಿಜವೇ. ದೆವ್ವ ಬಿಡಿಸುವ ನೆಪದಲ್ಲಿ ಕಟ್ಟಿಹಾಕಿ ಹೊಡೆಯುವುದನ್ನು ಕರ್ನಾಟಕದ ಆ ಕಾಯ್ದೆ ನಿಷೇಧಿಸಿದೆ, 2020ರಿಂದ ಜಾರಿಯಲ್ಲಿದೆ. "ಹಂಗಾರ ದೆವ್ವಕ್ಕ ಜಾಮೀನು ಸಿಗತೈತೇನ್ರೀ ಸಾಹೇಬ್ರ?" ಎಂದು ಪಕ್ಕದಿಂದ ಪ್ರಶ್ನೆ. "ಮೊದಲ ಮಂತ್ರವಾದೀದು ನೋಡೂಣು."

ಸರ್ಕಾರವೂ ದೆವ್ವಕ್ಕೆ ಸಹಕರಿಸುವುದಿಲ್ಲ. ಮಂತ್ರವಾದಿ ರುದ್ರಭೂಮಿಯಲ್ಲಿ ಚುಟ್ಟಾ ಹಚ್ಚಿ, ಕಣ್ಣು ಕೆಂಪಗೆ ಮಾಡಿ, ಹೊಗೆಯೊಳಗಿನಿಂದ ನಮ್ಮನ್ನು ದುರುಗುಟ್ಟಿ ನೋಡುತ್ತಿರುವಾಗ ಕೆಳಗೆ ಬಿಳಿ ಅಕ್ಷರದಲ್ಲಿ 'ಧೂಮಪಾನ ಆರೋಗ್ಯಕ್ಕೆ ಹಾನಿಕರ' ಎಂದು ಮೂಡುತ್ತದೆ. 2012ರಿಂದ ಇಂಥ ಎಚ್ಚರಿಕೆ ಕಡ್ಡಾಯ. ಆಮೇಲೆ ಕಪ್ಪು ಬೆಕ್ಕು ಅಡ್ಡ ಬರುತ್ತದೆ, ಮೂಲೆಯಲ್ಲಿ 'ಸಿಜಿಐ' ಎಂಬ ಮೂರಕ್ಷರ. ನಿಜವಾದ ಬೆಕ್ಕಾದರೆ ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿ ಬೇಕು, ಗ್ರಾಫಿಕ್ಸ್ ಆದರೆ ಹಾಗೆಂದು ಬರೆಯಬೇಕು. ಅಪಶಕುನಕ್ಕೂ ಕಾಗದಪತ್ರ ಸರಿಯಿರಬೇಕಾದ ದೇಶದಲ್ಲಿ ದೆವ್ವ ಎಷ್ಟೆಂದು ಹೆದರಿಸೀತು!

ನಾಯಕಿ ಗಾಳಿಯಲ್ಲಿ ತೇಲುವ ದೃಶ್ಯದಲ್ಲಿ ನೋಡಬೇಕಾದದ್ದು ಫ್ಯಾನು. ಆಕೆಯನ್ನು ಬೆಂಚಿನ ಮೇಲೆ ಮಲಗಿಸಿ ಒಮ್ಮೆ, ಖಾಲಿ ಕೋಣೆಯನ್ನು ಅದೇ ಜಾಗದಿಂದ ಇನ್ನೊಮ್ಮೆ ತೆಗೆಯುತ್ತಾರೆ. ಎರಡನ್ನೂ ಒಂದರ ಮೇಲೊಂದಿಟ್ಟು ಬೆಂಚಿರುವ ಭಾಗ ಅಳಿಸುತ್ತಾರೆ. ಈ ನಡುವೆ ಕ್ಯಾಮೆರಾದ ಸ್ಟ್ಯಾಂಡನ್ನು ಯಾರೂ ಮುಟ್ಟಬಾರದು, ಬೆಳಕು ಬದಲಾಗಬಾರದು, ಯಾರೋ ಸೆಕೆಯೆಂದು ಫ್ಯಾನ್ ಹಚ್ಚಬಾರದು. ಹಚ್ಚೇ ಹಚ್ಚಿರುತ್ತಾರೆ. ಒಂದೇ ಫ್ಯಾನಿನ ಒಂದು ರೆಕ್ಕೆ ತಿರುಗುತ್ತದೆ, ಉಳಿದೆರಡು ನಿಂತಿರುತ್ತವೆ. "ಕಂಡೆನ್ಸರ್ ಹೋಗೇತಿ" ಎಂದು ದುರ್ಗದಬೈಲಿನ ಕಡೆಯ ಯಾವನೋ ರಿಪೇರಿಯವನು ರೋಗ ಹೇಳುತ್ತಾನೆ.

ಬೆಚ್ಚಿಬೀಳಿಸುವುದು ಶಬ್ದದ ಕೆಲಸ. ಇದ್ದಕ್ಕಿದ್ದಂತೆ ದೊಡ್ಡ ಸದ್ದಾದರೆ ಸೆಕೆಂಡಿನ ಇಪ್ಪತ್ತರಲ್ಲೊಂದು ಭಾಗದೊಳಗೆ ಕಣ್ಣು ರೆಪ್ಪೆ ಬಡಿಯಲು ಶುರುಮಾಡುತ್ತದೆ, ಧೈರ್ಯವಂತ, ಹೇಡಿ ಎಂಬ ಭೇದ ಅದಕ್ಕಿಲ್ಲ. ಆದರೆ ಸದ್ದು ಎಷ್ಟು ದೊಡ್ಡದು ಎನ್ನುವುದರಷ್ಟೇ ಅದರ ಹಿಂದಿನ ಮೌನ ಎಷ್ಟು ಆಳ ಎನ್ನುವುದೂ ಮುಖ್ಯ. ನಮ್ಮಲ್ಲಿ ಪೆಟ್ಟು ಬೀಳುವುದು ಈ ಮೌನಕ್ಕೆ, ಕಾರಣ ಗಿರ್ಮಿಟ್. ಚುರಮುರಿಗೆ ಹುಣಸಿ-ಬೆಲ್ಲದ ರಸದ ಮಸಾಲೆ, ಪುಠಾಣಿ ಹಿಟ್ಟು, ಹಸಿ ಉಳ್ಳಾಗಡ್ಡಿ ಕಲಸಿದ ಐದಾರು ನಿಮಿಷದಲ್ಲಿ ಅದು ಮೆತ್ತಗಾಗುತ್ತದೆ. ಅದಕ್ಕೇ ಬುದ್ಧಿವಂತ ಅಂಗಡಿಯವನು ಇಂಟರ್‌ವಲ್ ಗಂಟೆ ಬಾರಿಸಿದ ಮೇಲೆಯೇ ಕಲಸುತ್ತಾನೆ, ಬುದ್ಧಿವಂತ ಗಿರಾಕಿ ಅದನ್ನು ಗರಿಗರಿ ಇರುವಾಗಲೇ ಒಳಗೆ ತರುತ್ತಾನೆ. ನಿರ್ದೇಶಕ ಇಂಟರ್‌ವಲ್ ಆದ ಮೇಲಿನ ಮೊದಲ ಐದು ನಿಮಿಷವನ್ನೇ ಮಹಾಮೌನಕ್ಕೆ ಆರಿಸಿಕೊಂಡಿರುತ್ತಾನೆ. ನಾಯಕಿ ಉಸಿರು ಬಿಗಿಹಿಡಿದು ಕನ್ನಡಿಯ ಕಡೆ ತಿರುಗುತ್ತಾಳೆ. ಟಾಕೀಸ್ ತುಂಬ ಕರಂ ಕುರುಂ. ಜೊತೆಗೊಂದು ಮಿರ್ಚಿ ಭಜಿ ಕಡಿದವನ 'ಹಾ ಹಾ ಹಾ' ಎಂಬ ಉಸಿರು, ಅದು ತೆರೆಯ ಮೇಲಿನ ದೆವ್ವದ ಉಸಿರಿಗಿಂತ ನೈಜ.

ದೆವ್ವದ ದನಿಯೂ ಅಷ್ಟೇ. ನಾಯಕಿಯ ದನಿಯನ್ನೇ ಕೆಳಗಿಳಿಸಿ, ಮೇಲೊಂದು ಗಂಡಸಿನ ದನಿ ಹೊದಿಸಿ, ಪ್ರತಿಧ್ವನಿ ಸೇರಿಸುತ್ತಾರೆ. ತುಟಿ ಮತ್ತು ಮಾತಿನ ನಡುವೆ ಮೂರ್ನಾಲ್ಕು ಫ್ರೇಮಿನ ಅಂತರ ಬಿದ್ದರೂ ಕಣ್ಣು ಹಿಡಿಯುತ್ತದೆ. ಕಂಪನಿ ನಾಟಕ ನೋಡಿ ಬೆಳೆದ ಊರಿದು, ಮೈಕಿಲ್ಲದೆ ಹಿಂದಿನ ಗ್ಯಾಸ್‌ಬತ್ತಿಯವನಿಗೂ ಕೇಳುವಂತೆ ಕೂಗಿದವರನ್ನು ಕಂಡಿದೆ. ದೆವ್ವ ಬೆಂಗಳೂರು ಕನ್ನಡದಲ್ಲಿ 'ನಿಮ್ಮನ್ನೆಲ್ಲಾ ನಾಶ ಮಾಡ್ತೀನಿ' ಎಂದಾಗ ಬರುವ ಉತ್ತರ: "ಗದಗಿನ ವಾಡೇದಾಗ ಸತ್ತಾಕಿ, ಮಾತ ನೋಡಿದ್ರ ಜಯನಗರದ್ದು!"

ಹಾಗೆಂದು ಬಡತನವನ್ನೇ ದೂರಿದರೆ ತಪ್ಪು. 1973ರ 'ಎಕ್ಸಾರ್ಸಿಸ್ಟ್'ನಲ್ಲಿ ನಟರ ಬಾಯಿಂದ ಹಬೆ ಬರಲೆಂದು ಮಲಗುವ ಕೋಣೆಯ ಸೆಟ್ಟನ್ನೇ ಶೀತಲಪೆಟ್ಟಿಗೆ ಮಾಡಿದ್ದರು. ಏಪ್ರಿಲ್ಲಿನ ಹುಬ್ಬಳ್ಳಿಯಲ್ಲಿ ಆ ಆಸೆ ಬೇಡ. ಆದರೆ 2007ರ 'ಪ್ಯಾರಾನಾರ್ಮಲ್ ಆಕ್ಟಿವಿಟಿ' ತಯಾರಾದದ್ದು ಸುಮಾರು 15,000 ಡಾಲರಿನಲ್ಲಿ, ನಿರ್ದೇಶಕನ ಸ್ವಂತ ಮನೆಯಲ್ಲಿ. ಕ್ಯಾಮೆರಾ ಮಂಚದ ಎದುರು ಅಲ್ಲಾಡದೆ ನಿಂತಿರುತ್ತದೆ, ಬಾಗಿಲು ನಾಲ್ಕು ಬೆರಳಷ್ಟು ಸರಿಯುತ್ತದೆ. ಅಷ್ಟೇ. ಹೊಗೆಯಿಲ್ಲ, ಕಣ್ಣಿಗೆ ಬಣ್ಣದ ಲೆನ್ಸಿಲ್ಲ, ಓಕುಳಿಯಿಲ್ಲ. ನೋಡುವವನಿಗೆ ಹುಡುಕುವ ಕೆಲಸ ಕೊಟ್ಟರೆ ಅವನು ಟೀಕೆ ಮರೆಯುತ್ತಾನೆ. ನಮ್ಮ ಓಕುಳಿ ಸಿನಿಮಾಗಳಲ್ಲೂ ಒಮ್ಮೊಮ್ಮೆ ಅಂಥದ್ದೊಂದು ಕ್ಷಣ ತಪ್ಪಿ ಬಂದಿರುತ್ತದೆ. ಮುದುಕಿಯೊಬ್ಬಳು ಪಡಸಾಲೆಯ ಮೂಲೆಯಲ್ಲಿ ಸುಮ್ಮನೆ ಕೂತು ಶೇಂಗಾ ಸುಲಿಯುತ್ತಿರುತ್ತಾಳೆ, ಸಿಪ್ಪೆ ಬೀಳುತ್ತಲೇ ಇರುತ್ತದೆ, ಬುಟ್ಟಿಯಲ್ಲಿ ಕಾಳು ಮಾತ್ರ ಹೆಚ್ಚುವುದಿಲ್ಲ. ಆ ಅರ್ಧ ನಿಮಿಷ ಟಾಕೀಸಿನಲ್ಲಿ ಯಾರೂ ಏನೂ ಅನ್ನುವುದಿಲ್ಲ, ಗಿರ್ಮಿಟ್ ಕೂಡ ನಿಲ್ಲುತ್ತದೆ. ಅದನ್ನು ಬೇಕೆಂದೇ ಮಾಡಿದರೋ, ಕಾಳು ತುಂಬಲು ಮರೆತರೋ, ಕೇಳಬಾರದು.

ಆಟ ಬಿಟ್ಟಾಗ ಹನ್ನೆರಡರ ಹತ್ತಿರ. ಚಿಗರಿ ಬಸ್ಸು ಹೋಗಿಬಿಟ್ಟಿರುತ್ತದೆ, ಗುಂಪು ಬೈಕುಗಳಲ್ಲಿ ಚದುರುತ್ತದೆ. ಎಲ್ಲರಿಗಿಂತ ಜೋರಾಗಿ ನಕ್ಕವನು, ದಾರ ಮೊದಲು ಕಂಡುಹಿಡಿದವನು, ಉಣಕಲ್ ಕಡೆಗೆ ಗಾಡಿ ತಿರುಗಿಸುತ್ತಾನೆ. ದಾರಿಯುದ್ದಕ್ಕೂ ಮಂತ್ರವಾದಿಯ ಅಣಕ ನಡೆದೇ ಇರುತ್ತದೆ. ಮುಂದಿನ ಕೂಡುರಸ್ತೆಯಲ್ಲಿ, ದೀಪದ ಕಂಬದ ಬುಡಕ್ಕೆ, ಎರಡು ಹೋಳು ನಿಂಬೆಹಣ್ಣು, ಕುಂಕುಮ ಹಚ್ಚಿದ್ದು, ಆಕಡಿಗೊಂದು ಈಕಡಿಗೊಂದು. ಗಾಡಿ ಸದ್ದಿಲ್ಲದೆ ಎಡಕ್ಕೆ ಸರಿದು, ಆರಡಿ ಬಿಟ್ಟು ಸುತ್ತು ಹಾಕಿ ಮತ್ತೆ ರಸ್ತೆಗೆ ಬರುತ್ತದೆ.

"ಯಾಕಲೇ, ಸುತ್ತ ಹಾಕಿದಿ?"

"ಟಾಯರ್ ಹೊಸಾದೈತಿ, ಸುಮ್ನ ಕುಂಡ್ರು."