ಒದೆಯುವವನ ಮುಂದೆ ಗುದ್ದುವವನು ನಿಲ್ಲುತ್ತಾನಾ?

ಬಾಕ್ಸಿಂಗ್ ನಿಯಮದಲ್ಲಿ ಆಡಿದರೆ ಬಾಕ್ಸರ್‌ಗೇ ಗೆಲುವು. ಅದರಲ್ಲಿ ವಾದ ಮಾಡೋಕೆ ಏನೂ ಇಲ್ಲ. 2018ರ ಡಿಸೆಂಬರ್ 31ರಂದು ಜಪಾನಿನ ಸೈತಾಮಾದಲ್ಲಿ ಬಾಕ್ಸಿಂಗ್ ಚಾಂಪಿಯನ್ ಫ್ಲಾಯ್ಡ್ ಮೇವೆದರ್ ಅಲ್ಲಿನ ಕಿಕ್‌ಬಾಕ್ಸಿಂಗ್ (ಗುದ್ದುವುದರ ಜೊತೆ ಒದೆಯುವುದೂ ಇರುವ ಆಟ) ತಾರೆ ತೆನ್ಶಿನ್ ನಸುಕಾವಾ ಅವರನ್ನು ಮೊದಲ ರೌಂಡ್‌ನಲ್ಲೇ ಮೂರು ಸಲ ಕೆಡವಿದರು. ಒದೆಯುವ ಹಾಗಿರಲಿಲ್ಲ. ತೆನ್ಶಿನ್ ತೂಕದಲ್ಲೂ ತುಂಬಾ ಚಿಕ್ಕವರು. ಈಜು ಬಾರದವನನ್ನು ಮಡುವಿಗೆ ತಳ್ಳಿ ಗೆದ್ದೆ ಅಂದ ಹಾಗಾಯಿತು, ಬಿಡಿ. ಕೇಳಬೇಕಾದ ಪ್ರಶ್ನೆ ಬೇರೆ. ಇಬ್ಬರದೂ ಒಂದೇ ತೂಕ, ಒದೆಯೋಕೂ ಅವಕಾಶ ಇದೆ. ಆಗ ಬಾಕ್ಸರ್ ಗೆಲ್ಲಬಲ್ಲನಾ?

ಪರ: ಗೆಲ್ಲಬಲ್ಲ

1970ರ ದಶಕದಲ್ಲಿ ಅಮೆರಿಕದಲ್ಲಿ ಫುಲ್ ಕಾಂಟ್ಯಾಕ್ಟ್ ಕರಾಟೆ, ಅಂದರೆ ಏಟನ್ನು ತಡೆಯದೆ ಪೂರ್ತಿ ಬಲದಿಂದ ಹೊಡೆಯುವ ಕರಾಟೆ, ಶುರುವಾಯಿತು. ಅಲ್ಲಿನ ಕಿಕ್‌ಬಾಕ್ಸಿಂಗ್ ಬೆಳೆದದ್ದು ಅದರಿಂದಲೇ. ಅದರಲ್ಲೊಂದು ನಿಯಮ ಇತ್ತು: ಪ್ರತಿ ರೌಂಡ್‌ನಲ್ಲೂ ಸೊಂಟದ ಮೇಲೆ ಕನಿಷ್ಠ 8 ಒದೆ ಹೊಡೆಯಲೇಬೇಕು. ಇಂಥ ನಿಯಮ ಯಾಕೆ ಬೇಕಾಯಿತು ಅಂತ ಒಂದು ನಿಮಿಷ ಯೋಚಿಸಿ. ಸುಮ್ನೆ ಬಿಟ್ಟರೆ ಎಲ್ಲರೂ ಕೈಗೇ ಇಳಿಯುತ್ತಿದ್ದರು. ಒದೆಯುವುದನ್ನೇ ಕಲಿತವರಿಗೂ ಒದೆ ಎಣಿಸಿ ಹೊಡೆಸಬೇಕಾಗಿತ್ತು!

ಕಾರಣ ಸರಳ. ಒದೆಯಬೇಕಾದರೆ ಒಂದು ಕಾಲು ನೆಲ ಬಿಡಬೇಕು. ಆ ಅರೆಗಳಿಗೆ ಅವನು ಒಂಟಿಗಾಲಲ್ಲಿ ನಿಂತಿರುತ್ತಾನೆ, ಸೊಂಟ ತಿರುಗಿರುತ್ತದೆ, ಒಂದು ಕೈ ಕೆಳಗೆ ಬಂದಿರುತ್ತದೆ. ಅದೇ ಹೊತ್ತಿಗೆ ಮುಖಕ್ಕೊಂದು ನೇರ ಗುದ್ದು ಬಿದ್ದರೆ ಅಷ್ಟೇನೂ ಜೋರಿಲ್ಲದಿದ್ದರೂ ಮನುಷ್ಯ ಕೆಳಗೆ. ಒದೆ ಹೊರಟು ಮುಟ್ಟುವಷ್ಟರಲ್ಲಿ ಜ್ಯಾಬ್ (ಮುಂದಿನ ಕೈಯ ಚುರುಕು ನೇರ ಗುದ್ದು) ಮುಟ್ಟಿ ವಾಪಸ್ ಬಂದಿರುತ್ತದೆ. ಇನ್ನು ಬಾಕ್ಸರ್ ಒಂದು ಹೆಜ್ಜೆ ಒಳಗೆ ಹೋದ ಅಂದುಕೊಳ್ಳಿ. ಅಲ್ಲಿ ಕಾಲು ಬೀಸೋಕೆ ಜಾಗವೇ ಇರಲ್ಲ, ಪಕ್ಕದಿಂದ ಬೀಸುವ ಗುದ್ದಿಗೆ, ಅಂದರೆ ಹುಕ್‌ಗೆ, ಮಾತ್ರ ಬೇಕಾದಷ್ಟು ಜಾಗ.

ಅಭ್ಯಾಸದ ಲೆಕ್ಕವೂ ಇದೆ. ಕಿಕ್‌ಬಾಕ್ಸರ್ ತನ್ನ ಸಮಯವನ್ನು ಕೈಗಿಷ್ಟು, ಕಾಲಿಗಿಷ್ಟು, ಮಂಡಿಗಿಷ್ಟು ಅಂತ ಹಂಚಬೇಕು. ಬಾಕ್ಸರ್‌ಗೆ ಆ ತಲೆನೋವಿಲ್ಲ. ಜೊತೆಗೆ ದೊಡ್ಡ ಪಟ್ಟಕ್ಕೆ ಆಡುವವನು 12 ರೌಂಡ್‌ಗೆ ತಯಾರಾಗಿರುತ್ತಾನೆ. ಜಪಾನಿನಲ್ಲಿ ಶುರುವಾದ ಕಿಕ್‌ಬಾಕ್ಸಿಂಗ್ ಸ್ಪರ್ಧೆ ಕೆ-1, ಅದರ ಮಾದರಿಯ ಆಟ ಸಾಮಾನ್ಯವಾಗಿ 3 ರೌಂಡ್.

ಸುಮ್ನೆ ಹೇಳುವ ಮಾತಲ್ಲ ಇದು. ಟೈಸನ್, ಲೂಯಿಸ್ ಅಂಥವರ ಎದುರು ಆಡಿದ್ದ ಹೆವಿವೇಟ್ ಬಾಕ್ಸರ್ ಫ್ರಾಂಸ್ವಾ ಬೋಥಾ 2004ರ ಕೆ-1 ಗ್ರ್ಯಾನ್ ಪ್ರಿಯಲ್ಲಿ ಕಿಕ್‌ಬಾಕ್ಸರ್ ಪೀಟರ್ ಆರ್ಟ್ಸ್ ಅವರನ್ನು ದಾಟಿ ಮುಂದೆ ಹೋದರು. ಆರ್ಟ್ಸ್ ಕಾಲಿಗೆ ಪೆಟ್ಟಾಗಿ ಆಟ ನಿಂತಿತ್ತು, ನಿಜ, ಮುಚ್ಚಿಡೋದಿಲ್ಲ. ಆದರೂ ಬಾಕ್ಸರ್ ಅಲ್ಲಿಯವರೆಗೆ ಹೋಗಿದ್ದು ಸುಳ್ಳಲ್ಲ. ಆರು ತಿಂಗಳು ಕೂತು ಒದೆ ತಡೆಯೋದನ್ನು ಕಲಿತರೆ ಒಳ್ಳೆ ಬಾಕ್ಸರ್ ಒಳ್ಳೆ ಕಿಕ್‌ಬಾಕ್ಸರನ್ನು ಮಲಗಿಸಬಲ್ಲ.

ವಿರೋಧ: ಮೊದಲು ಕಾಲು ಉಳಿಸಿಕೊಳ್ಳಲಿ

ಬಾಕ್ಸರ್ ನಿಲ್ಲುವ ಭಂಗಿ ನೋಡಿ. ಮೈ ಓರೆ, ಮುಂದಿನ ಪಾದ ಸ್ವಲ್ಪ ಒಳಗೆ ತಿರುಗಿರುತ್ತದೆ, ಭಾರ ಅದರ ಮೇಲೆ ಜಾಸ್ತಿ. ಗುದ್ದೋಕೆ ಇದಕ್ಕಿಂತ ಒಳ್ಳೆ ನಿಲುವಿಲ್ಲ. ಒದೆ ತಿನ್ನೋಕೂ ಇಲ್ಲ! ತೊಡೆಯ ಹೊರಬದಿ ಪೂರ್ತಿ ಎದುರಾಳಿಗೆ ತೆರೆದಿರುತ್ತದೆ. ಕಿಕ್‌ಬಾಕ್ಸರ್ ಆದರೆ ಮಂಡಿ ಎತ್ತಿ ಕಣಕಾಲಿನ ಮೂಳೆಯ ಮೇಲೆ ಆ ಒದೆ ತಡೆಯುತ್ತಾನೆ. ಭಾರ ಹಾಕಿ ನಿಂತ ಕಾಲನ್ನು ಹಾಗೆ ಥಟ್ಟನೆ ಎತ್ತೋಕಾಗಲ್ಲ.

ತೊಡೆಗೆ ಬೀಳುವ ಈ ಲೋ ಕಿಕ್ ಅಂದರೆ ಪಾದದಿಂದ ತಟ್ಟೋದು ಅಂದುಕೊಂಡವರು ಇದ್ದಾರೆ. ಅಲ್ಲ. ಬಂದು ಬೀಳೋದು ಕಣಕಾಲಿನ ಮೂಳೆ, ಹಿಂದೆ ಇಡೀ ಸೊಂಟದ ತಿರುವು. ತೊಡೆಗೆ ದಪ್ಪ ಪ್ಯಾಡ್ ಒತ್ತಿ ಹಿಡಿದುಕೊಂಡು ಇಂಥದ್ದು ಒಂದೇ ಒಂದನ್ನು ತಿಂದು ನೋಡಿದ್ದೇನೆ. ಅಷ್ಟೇನಾ ಅನ್ನಿಸಿತು. ಮಾರನೇ ದಿನ ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿದುಕೊಂಡಿದ್ದೆ. ಪ್ಯಾಡ್ ಇಲ್ಲದೆ ಒಂದೇ ಜಾಗಕ್ಕೆ ಹತ್ತು ಬಿದ್ದರೆ ಕಾಲು ಮರಗಟ್ಟುತ್ತದೆ. ಗುದ್ದಿನ ಬಲ ಹುಟ್ಟೋದೇ ಕಾಲಿಂದ ಅಲ್ವಾ? ಕಾಲು ಹೋದರೆ ಕೈಯೂ ಹೋಯಿತು.

1988ರಲ್ಲಿ ಲಾಸ್ ವೇಗಸ್‌ನಲ್ಲಿ ಇದು ಎಲ್ಲರ ಕಣ್ಣೆದುರೇ ನಡೆಯಿತು. ಒಂದು ಕಡೆ ಅಮೆರಿಕದ ರಿಕ್ ರೂಫಸ್. ಸೊಂಟದ ಕೆಳಗೆ ಒದೆ ಇಲ್ಲದ ಆಟದಲ್ಲಿ ಬೆಳೆದವರು, ಕೈ ಬಹಳ ಜೋರು. ಇನ್ನೊಂದು ಕಡೆ ಥಾಯ್ಲೆಂಡಿನ ಚಾಂಗ್‌ಪುಯೆಕ್ ಕಿಯಾಟ್‌ಸೊಂಗ್ರಿಟ್. ಈ ಆಟದಲ್ಲಿ ಲೋ ಕಿಕ್‌ಗೆ ಅವಕಾಶ ಇತ್ತು. ಮೊದಲ ರೌಂಡ್‌ನಲ್ಲೇ ರೂಫಸ್ ಥಾಯ್ ಆಟಗಾರನ ದವಡೆ ಮುರಿದರು. ಅಲ್ಲಿಗೆ ಮುಗಿಯಿತು ಅಂತ ನೋಡಿದವರಿಗೆಲ್ಲ ಅನ್ನಿಸಿರಬೇಕು. ಮುರಿದ ದವಡೆ ಇಟ್ಟುಕೊಂಡೇ ಚಾಂಗ್‌ಪುಯೆಕ್ ತೊಡೆಗೆ ಒದೆಯುತ್ತಾ ಹೋದರು. ಮತ್ತೆ ತೊಡೆಗೆ, ಮತ್ತೆ ತೊಡೆಗೆ. ನಾಲ್ಕನೇ ರೌಂಡ್ ಹೊತ್ತಿಗೆ ರೂಫಸ್‌ಗೆ ನಿಲ್ಲೋಕೇ ಆಗಲಿಲ್ಲ, ಆಟ ನಿಲ್ಲಿಸಬೇಕಾಯಿತು. ಒದೆಯೋಕೆ ಬರುತ್ತಿದ್ದವರ ಪಾಡೇ ಇದು. ಬರೀ ಗುದ್ದೋಕೆ ಬರುವವನ ಗತಿ?

ಅದಕ್ಕೂ ಉತ್ತರ ಇದೆ. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಬಾಕ್ಸರ್ ರೇ ಮರ್ಸರ್ 2005ರಲ್ಲಿ ಅದೇ ಸೋಲ್‌ನಲ್ಲಿ ಕೆ-1 ನಿಯಮದಡಿ ಕಿಕ್‌ಬಾಕ್ಸರ್ ರೆಮಿ ಬೊನ್ಯಾಸ್ಕಿ ಎದುರು ನಿಂತರು. ತಲೆಗೆ ಒದೆ ಬಿತ್ತು. 22 ಸೆಕೆಂಡಿಗೆ ಎಲ್ಲ ಮುಗಿಯಿತು. ಮರ್ಸರ್‌ಗೆ ಆಗ 43 ವರ್ಷ, ಒಪ್ಪುತ್ತೇನೆ. ಆದರೆ ವಯಸ್ಸನ್ನೊಂದೇ ದೂರುವ ಹಾಗಿಲ್ಲ. ಗುದ್ದು ತಪ್ಪಿಸೋಕೆ ತಲೆ ಬಗ್ಗಿಸೋದು, ಪಕ್ಕಕ್ಕೆ ವಾಲೋದು ಬಾಕ್ಸರ್‌ಗೆ ರಕ್ತಗತ. ಒದೆ ಇರುವ ಕಡೆ ಹಾಗೆ ವಾಲಿದ ತಲೆ ನೇರ ಹೋಗಿ ಕಾಲಿಗೆ ಸಿಗುತ್ತದೆ, ಬಗ್ಗಿದ ತಲೆ ಮಂಡಿಗೆ ಸಿಗುತ್ತದೆ.

ಬೋಥಾ ಮಾತು ಬಂತಲ್ಲ, ಅದೇ ರಾತ್ರಿ ಮುಂದಿನ ಆಟದಲ್ಲಿ ಅವರನ್ನೂ ಸೋಲಿಸಿದ್ದು ಇದೇ ಬೊನ್ಯಾಸ್ಕಿ. ಇನ್ನು ಆ ಕಡೆಯಿಂದ ಈ ಕಡೆ ಬಂದವರನ್ನು ನೋಡಿ. ಥಾಯ್ಲೆಂಡಿನ ಸೇನ್ಸಾಕ್ ಮುಆಂಗ್ಸುರಿನ್ ಅಲ್ಲಿನ ಒದೆ-ಗುದ್ದಿನ ಆಟ ಮುಯ್ ಥಾಯ್‌ನಿಂದ ಬಾಕ್ಸಿಂಗ್‌ಗೆ ಬಂದು 1975ರಲ್ಲಿ ತಮ್ಮ ಮೂರನೇ ವೃತ್ತಿಪರ ಪಂದ್ಯದಲ್ಲೇ ವಿಶ್ವ ಪಟ್ಟ ಗೆದ್ದರು. ಹೆವಿವೇಟ್ ವಿಶ್ವ ಚಾಂಪಿಯನ್ ಆಗಿದ್ದ ವಿಟಾಲಿ ಕ್ಲಿಚ್ಕೊ ಕಿಕ್‌ಬಾಕ್ಸಿಂಗ್ ಆಡಿಯೇ ಬಾಕ್ಸಿಂಗ್‌ಗೆ ಬಂದವರು. ಬಾಕ್ಸಿಂಗ್‌ನಲ್ಲಿ ದುಡ್ಡು ಜಾಸ್ತಿ, ಅದಕ್ಕೇ ಬಂದರು ಅನ್ನಬಹುದು. ಸರಿ, ಆದರೆ ಬಂದು ಗೆದ್ದರಲ್ಲ.

ಆರು ತಿಂಗಳು ಒದೆ ತಡೆಯೋದು ಕಲಿಯಲಿ ಅಂತ ಮೇಲೆ ಹೇಳಿದೆ. ಕಲಿಯಲಿ. ನಿಲುವು ಬದಲಿಸಬೇಕು, ಮುಂಗಾಲ ಮೇಲಿನ ಭಾರ ಇಳಿಸಬೇಕು, ತಲೆ ಬಗ್ಗಿಸುವ ಅಭ್ಯಾಸ ಬಿಡಬೇಕು, ಮಂಡಿ ಎತ್ತೋದು ಕಲಿಯಬೇಕು. ಇಷ್ಟೆಲ್ಲ ಮಾಡಿ ಬಂದವನನ್ನು ಇನ್ನೂ ಬಾಕ್ಸರ್ ಅಂತ ಯಾಕೆ ಕರೆಯಬೇಕು?