ಡಬ್ಬಿಯಲ್ಲಿ ಸಿಕ್ಕ ಹಳೆಯ ಚೀಟಿ

ಡೊಂಬಿವಲಿಯ ನಮ್ಮ ಮನೆಯಲ್ಲಿ ಅಪ್ಪನ ಮಾತ್ರೆಗಳು ಇರುವುದು ಹಳೆಯದೊಂದು ಬಿಸ್ಕತ್ತಿನ ಡಬ್ಬಿಯಲ್ಲಿ. ಕಳೆದ ಮಳೆಗಾಲದಲ್ಲಿ ಅದನ್ನು ತೆರೆದಾಗ ನೋವು ಇಳಿಸುವ ಟ್ರಮಡಾಲ್‌ನ ನಾಲ್ಕು ಸ್ಟ್ರಿಪ್‌ಗಳೂ ಮಡಿಕೆಯಲ್ಲಿ ಹರಿದುಹೋಗಿದ್ದ ಒಂದು ಚೀಟಿಯೂ ಸಿಕ್ಕವು. ಸೊಂಟನೋವಿಗೆಂದು ಹತ್ತು ದಿನಕ್ಕೆ ಬರೆದಿದ್ದ ಆ ಚೀಟಿಯನ್ನೇ ತೋರಿಸಿ ಅಪ್ಪ ಎಂಟು ತಿಂಗಳು ಮಾತ್ರೆ ತಂದಿದ್ದರು. ಜೊತೆಗೆ, ಬೇರೊಬ್ಬ ವೈದ್ಯರು ಕೊಟ್ಟಿದ್ದ ನಿದ್ದೆಯ ಮಾತ್ರೆಯನ್ನೂ ನುಂಗುತ್ತಿದ್ದರು. “ಇದಿಲ್ಲದಿದ್ರೆ ಸ್ಟೇಷನ್ನಿನ ಬ್ರಿಜ್ ಹತ್ತಲಿಕ್ಕೆ ಆಗುದಿಲ್ಲ ಮಗಾ” ಎಂದರು. ಆ ನೋವು ಸುಳ್ಳಲ್ಲ.

ಅಪ್ಪನನ್ನು ನಾನು ದೂರುವುದಿಲ್ಲ. ಟ್ರಮಡಾಲ್ ಅಫೀಮಿನ ಗುಂಪಿಗೆ ಸೇರಿದ ಔಷಧವೆಂದು ಅವರಿಗೆ ಯಾರೂ ಹೇಳಿರಲಿಲ್ಲ. 2014ರಿಂದ ಜಾರಿಯಲ್ಲಿರುವ ಎಚ್-1 ಎಂಬ, ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧಗಳ ನಿಯಮದ ಪ್ರಕಾರ ಮೆಡಿಕಲ್‌ನವರು ಇಂಥ ಮಾತ್ರೆ ಕೊಟ್ಟಾಗ ವೈದ್ಯರ ಹೆಸರು, ರೋಗಿಯ ಹೆಸರು, ಕೊಟ್ಟ ಪ್ರಮಾಣ ಇವನ್ನೆಲ್ಲ ಪ್ರತ್ಯೇಕ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. 2018ರಲ್ಲಿ ಟ್ರಮಡಾಲ್ ಮಾದಕವಸ್ತು ಕಾಯಿದೆಯ ವ್ಯಾಪ್ತಿಗೂ ಬಂತು. ಇಷ್ಟೆಲ್ಲ ಇದ್ದೂ ನಮ್ಮ ಓಣಿಯ ಅಂಗಡಿಯಲ್ಲಿ ಆ ಚೀಟಿಯ ತಾರೀಖನ್ನು ಯಾರೂ ನೋಡಲಿಲ್ಲ.

ಆದರೆ ನನ್ನ ತಕರಾರು ಅಂಗಡಿಗಿಂತ ಮೊದಲಿನದು. ದೀರ್ಘಕಾಲದ ನೋವಿಗೆ ಇಂಥ ಔಷಧ ಬರೆಯುವಾಗಲೇ ಅದನ್ನು ಎಂದು, ಹೇಗೆ ನಿಲ್ಲಿಸುವುದೆಂಬುದನ್ನೂ ಬರೆಯಬೇಕು. ಅಮೆರಿಕದ ರೋಗನಿಯಂತ್ರಣ ಕೇಂದ್ರದ 2022ರ ಮಾರ್ಗಸೂಚಿಯಂತೆ ಮೊದಲು ಬೇರೆ ಔಷಧ, ವ್ಯಾಯಾಮಗಳನ್ನು ನೋಡಬೇಕು, ಬೇಕೇಬೇಕಾದರೆ ಕನಿಷ್ಠ ಪ್ರಮಾಣದಿಂದ ಆರಂಭಿಸಬೇಕು, ಒಂದರಿಂದ ನಾಲ್ಕು ವಾರದೊಳಗೆ ರೋಗಿಯನ್ನು ಮತ್ತೆ ಕರೆದು ಪರೀಕ್ಷಿಸಬೇಕು. ನೋವು ಎಷ್ಟು ಇಳಿಯಿತು ಎಂಬುದರ ಜೊತೆಗೆ ನಡೆದಾಟ ಎಷ್ಟು ಸುಧಾರಿಸಿತು ಎಂದೂ ಕೇಳಬೇಕು. ಇಂಥ ಔಷಧ ನಿದ್ದೆಯ ಮಾತ್ರೆಯೊಂದಿಗೆ ಸೇರಿದರೆ ಉಸಿರಾಟವೇ ಕುಗ್ಗಬಹುದು. ಖಿನ್ನತೆಯ ಕೆಲವು ಮಾತ್ರೆಗಳೊಂದಿಗೆ ಟ್ರಮಡಾಲ್ ಸೇರಿದರೆ ಫಿಟ್ಸ್ ಬರುವ ಸಾಧ್ಯತೆ ಹೆಚ್ಚು. ಮಲಬದ್ಧತೆಯಂತೂ ಔಷಧ ಇರುವಷ್ಟು ದಿನವೂ ಬಿಡುವುದಿಲ್ಲ. ಅಪ್ಪ ಅದಕ್ಕೆ ದಿನಾ ರಾತ್ರಿ ಇಸಬ್ಗೋಲ್ ಕುಡಿಯುತ್ತಿದ್ದುದು ಏಕೆಂದು ನಮಗೆ ಹೊಳೆದೇ ಇರಲಿಲ್ಲ.

ಇದನ್ನು ಓದಿ ಯಾರೂ ಮಾತ್ರೆಯನ್ನು ಒಮ್ಮೆಲೇ ಬಿಡಬಾರದು. ಹಾಗೆ ಬಿಟ್ಟರೆ ಬೆವರು, ಭೇದಿ, ತಳಮಳದೊಂದಿಗೆ ನೋವೂ ಮರುಕಳಿಸುತ್ತದೆ. ಹಠಾತ್ ನಿಲುಗಡೆಯ ಅಪಾಯವನ್ನು ಅಮೆರಿಕದ ಔಷಧ ಇಲಾಖೆ 2019ರಲ್ಲೇ ಎಚ್ಚರಿಸಿದೆ. ಪರೇಲಿನ ಟಾಟಾ ಆಸ್ಪತ್ರೆಗೆ ಹೋಗುವ ಕ್ಯಾನ್ಸರ್ ರೋಗಿಗಳ ಮಾತು ಬೇರೆಯೇ: ಅವರಿಗೆ ಅಫೀಮಿನ ಗುಂಪಿನದೇ ನೋವಿನ ಔಷಧವಾದ ಮಾರ್ಫಿನ್ ಸುಲಭವಾಗಿ ಸಿಗಲೆಂದೇ 2014ರಲ್ಲಿ ಮಾದಕವಸ್ತು ಕಾಯಿದೆಯನ್ನು ತಿದ್ದಲಾಯಿತು, ಅವರ ಮಾತ್ರೆಗೆ ಹೆದರಿಕೆ ತುಂಬುವುದು ಕ್ರೌರ್ಯ.

ಅಪ್ಪನ ಮಾತ್ರೆಯನ್ನು ಹೊಸ ವೈದ್ಯರು ತಿಂಗಳಿಗೆ ಸ್ವಲ್ಪಸ್ವಲ್ಪವೇ ಇಳಿಸಿದ್ದಾರೆ, ಬೆನ್ನಿನ ವ್ಯಾಯಾಮ ಕಲಿಸಿದ್ದಾರೆ. ಈಗಿನ ಚೀಟಿಯ ಕೊನೆಯಲ್ಲಿ ಮುಂದಿನ ಭೇಟಿಯ ತಾರೀಖಿದೆ. ಅದರಾಚೆಗೆ ಮಾತ್ರೆ ಇಲ್ಲ.